ಕುದುರೆ ವ್ಯಾಪಾರಿಯ ಮೊಮ್ಮಗ: ಸರ್ ಮಿರ್ಜಾ ಇಸ್ಮಾಯಿಲ್

ಇರಾನ್ ದೇಶದ ಶಿರಾಜ್ ಎಂಬ ಊರಿನಿಂದ 1824ರಲ್ಲಿ ಒಬ್ಬ ಹುಡುಗ ತನ್ನ ಸೋದರರ ಜೊತೆ ಕುದುರೆ ಮಾರಲು ಬೆಂಗಳೂರಿಗೆ ಬಂದ. ಆಗ ಅವನಿಗೆ 16 ವರ್ಷ. ನಮ್ಮ ಕಾಲೇಜಿನಲ್ಲಿ ಪ್ರಥಮ ಪಿಯುಸಿಗೆ ಅರ್ಜಿ ತುಂಬುವ ವಯಸ್ಸು. ಅವನ ಹೆಸರು ಆಗಾ ಅಲಿ ಅಸ್ಕರ್. ಸುಮಾರು ನೂರು ವರ್ಷ ಕಳೆದ ಮೇಲೆ, 1926ರಲ್ಲಿ, ಅವನ ಮೊಮ್ಮಗ ಮೈಸೂರು ಸಂಸ್ಥಾನದ ದಿವಾನರಾದರು. ಅವರೇ ಸರ್ ಮಿರ್ಜಾ ಇಸ್ಮಾಯಿಲ್. ಇವರ ಹೆಸರನ್ನು ನಾವು ಇತಿಹಾಸ ಪುಸ್ತಕದಲ್ಲಿ ಓದಿದ್ದೇವೆ, ಎರಡು ಅಂಕದ ಪ್ರಶ್ನೆಗೆ ಉತ್ತರವನ್ನೂ ಬರೆದಿದ್ದೇವೆ. ಆದರೆ ಅವರ ಬದುಕಿನ ಕಥೆ ನಮ್ಮಂಥವರಿಗೆ ಎಷ್ಟು ಹತ್ತಿರದ್ದು ಎಂಬುದನ್ನು ಹೇಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮ್ಮ ಅಬ್ಬ ಮೂಡಿಗೆರೆ, ಕಳಸ ಕಡೆಯ ಸಣ್ಣ ಬೆಳೆಗಾರರಿಂದ ಚೆರಿ ಕಾಫಿ ಮತ್ತು ಕಾಳುಮೆಣಸು ಕೊಂಡು ಚಿಕ್ಕಮಗಳೂರಿಗೆ ಸಾಗಿಸುವ ಸಣ್ಣ ವ್ಯಾಪಾರಿ. ಅಣ್ಣ ಮೂರು ವರ್ಷದಿಂದ ಬೆಂಗಳೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದಾನೆ. ಪರೀಕ್ಷೆ ಮುಗಿದ ಮೇಲೆ ನಾನೂ ಬಂದು ಅಂಗಡಿ ನೋಡಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಬೇಕೆಂದು ಅವನ ಆಸೆ. ಊರಿನ ವ್ಯಾಪಾರವನ್ನೇ ಮುಂದುವರಿಸಲಿ ಎಂದು ಅಬ್ಬನ ಆಸೆ. ಮನೆಯಲ್ಲಿ ಈ ಮಾತು ಇನ್ನೂ ತೀರ್ಮಾನವಾಗಿಲ್ಲ. ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಇದೇ ಚರ್ಚೆ ನಡೆಯುತ್ತಿದೆ ಎಂದು ನನಗೆ ಗೊತ್ತು. ಹೀಗಿರುವಾಗ, ಹೊರಗಿನಿಂದ ಬಂದು ಬೆಳೆಯುವ ಊರಿನಲ್ಲಿ ವ್ಯಾಪಾರ ಮಾಡಿ, ಕೊನೆಗೆ ಆ ಊರನ್ನೇ ಕಟ್ಟಿದ ಒಂದು ಮನೆತನದ ಕಥೆ ಕೈಗೆ ಸಿಕ್ಕಿದಾಗ ನಾನು ಅದನ್ನು ಪರೀಕ್ಷೆಯ ಪಾಠದಂತೆ ಓದಲಿಲ್ಲ.

ಮೊದಲು ಅಜ್ಜನ ವಿಷಯ. ಬ್ರಿಟಿಷರು 1809ರಲ್ಲಿ ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದರು. ಹೀಗೆ ಹಳೆಯ ಪೇಟೆಯ ಪಕ್ಕದಲ್ಲಿ ದಂಡು ಪ್ರದೇಶ ಬೆಳೆಯಿತು. ಶ್ರೀರಂಗಪಟ್ಟಣದಲ್ಲಿ ಸೈನಿಕರು ಜ್ವರದಿಂದ ನರಳುತ್ತಿದ್ದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಿಸಿಲಿನ ನಾಡಾದರೂ ಹವೆ ಹಿತ. ಸೈನ್ಯ ಬಂದರೆ ಅದರ ಹಿಂದೆ ವ್ಯಾಪಾರವೂ ಬರುತ್ತದೆ. ಸೈನ್ಯಕ್ಕೆ ಕುದುರೆ ಬೇಕು, ಅಧಿಕಾರಿಗಳಿಗೆ ಮನೆ ಬೇಕು. ಅಲಿ ಅಸ್ಕರ್ ಇವೆರಡನ್ನೂ ಒದಗಿಸಿದರು. ಸೈನ್ಯಕ್ಕೂ ಮೈಸೂರು ಅರಮನೆಗೂ ಒಳ್ಳೆಯ ತಳಿಯ ಕುದುರೆ ಮಾರಿದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರಿಗೆ ಕುದುರೆಗಳೆಂದರೆ ಪ್ರಾಣ. ಅವರ ವಿಶ್ವಾಸವನ್ನೂ, ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸವನ್ನೂ ಅಲಿ ಅಸ್ಕರ್ ಗಳಿಸಿದರು. ಮುಂದೆ ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಇಂದಿಗೂ ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇದೆ. 1891ರಲ್ಲಿ ಅವರು ತೀರಿಕೊಂಡರು.

ಇದೇ ಕಬ್ಬನ್ ಅವರ ಕಾಲದಲ್ಲಿ ನಮ್ಮ ಗುಡ್ಡಗಳಲ್ಲೂ ಯುರೋಪಿಯನ್ನರ ಕಾಫಿ ತೋಟಗಳು ಹರಡಿದವು. ಅಂದರೆ ಬೆಂಗಳೂರು ದಂಡಿನಲ್ಲಿ ಬಂಗಲೆಗಳು ಏಳುತ್ತಿದ್ದ ಕಾಲವೂ, ಚಿಕ್ಕಮಗಳೂರು ಮತ್ತು ಮೂಡಿಗೆರೆಯ ಕಾಡಿನಲ್ಲಿ ಕಾಫಿ ಸಾಲುಗಳು ಏಳುತ್ತಿದ್ದ ಕಾಲವೂ ಒಂದೇ. ಆ ನಗರಕ್ಕೂ ನಮ್ಮ ಗುಡ್ಡಕ್ಕೂ ನಂಟು ಇಂದು ನೆನ್ನೆಯದಲ್ಲ.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ. ಆ ವೇಳೆಗೆ ಅವರ ಮನೆತನ ಅರಮನೆಗೆ ಹತ್ತಿರವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ ಅವರಿಗಾಗಿ ಒಂದು ಪ್ರತ್ಯೇಕ ಶಾಲೆ ನಡೆಯುತ್ತಿತ್ತು. ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿ ಅದರ ಗುರು. ಆಯ್ದ ಕೆಲವೇ ಹುಡುಗರಿಗೆ ಅಲ್ಲಿ ಪ್ರವೇಶ. ಮಿರ್ಜಾ ಅವರಲ್ಲಿ ಒಬ್ಬರು. ಒಂದೇ ಬೆಂಚಿನಲ್ಲಿ ಬೆಳೆದ ಆ ಸ್ನೇಹ ಜೀವನದುದ್ದಕ್ಕೂ ಉಳಿಯಿತು. ನಂತರ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. 1905ರಲ್ಲಿ ಮೈಸೂರು ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಮಹಾರಾಜರ ಕಚೇರಿಗೆ ಬಂದು, 1922ರಲ್ಲಿ ಅವರ ಆಪ್ತ ಕಾರ್ಯದರ್ಶಿಯಾದರು. 1926ರ ಮೇ ತಿಂಗಳಲ್ಲಿ ದಿವಾನರಾದಾಗ ಅವರಿಗೆ 42 ವರ್ಷ.

ರಾಜನ ಗೆಳೆಯನಾದ್ದರಿಂದ ಹುದ್ದೆ ಸಿಕ್ಕಿತು ಎಂದು ಸುಲಭವಾಗಿ ಹೇಳಬಹುದು. ಆದರೆ ಸ್ನೇಹದಿಂದ ಕುರ್ಚಿ ಸಿಗಬಹುದೇ ಹೊರತು ನಲ್ಲಿಯಲ್ಲಿ ನೀರು ಬರುವುದಿಲ್ಲ. ಅವರು ದಿವಾನರಾದ ಹೊತ್ತಿನಲ್ಲಿ ಬೆಂಗಳೂರಿಗೆ ಬೇಕಾಗಿದ್ದದ್ದು ಮೊದಲು ನೀರು.

ಆಗ ಬೆಂಗಳೂರು ಎರಡು ಭಾಗವಾಗಿತ್ತು. ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು. 1896ರಿಂದ ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ಬರುತ್ತಿತ್ತು. 1925-26ರ ಬರದಲ್ಲಿ ಆ ಕೆರೆ ಕೈಕೊಟ್ಟಿತು. ಊರಾದರೋ ಬೆಳೆಯುತ್ತಲೇ ಇತ್ತು. 1931ರ ಜನಗಣತಿಯಲ್ಲಿ ಎರಡೂ ಭಾಗ ಸೇರಿ ಸುಮಾರು 3 ಲಕ್ಷ ಜನ, 1941ರಲ್ಲಿ ಸುಮಾರು 4 ಲಕ್ಷ. 1951ರ ಹೊತ್ತಿಗೆ ಅದು 8 ಲಕ್ಷದ ಹತ್ತಿರ ಬಂದಿತ್ತು. ಮಿರ್ಜಾ ಅವರ ಆಡಳಿತದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದೊಂದಿಗೆ, ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಲಾಯಿತು. 1933ರಲ್ಲಿ ಅದು ಸಿದ್ಧವಾಯಿತು. ಅಲ್ಲಿಂದ ನೀರನ್ನು ಪಂಪ್ ಮಾಡಿ ಎತ್ತರದಲ್ಲಿರುವ ನಗರಕ್ಕೆ ತಂದರು. ಮುಂದೆ ಹಲವು ದಶಕ ಬೆಂಗಳೂರು ಆ ನೀರು ಕುಡಿದು ಬೆಳೆಯಿತು.

ನೀರಿನ ನಂತರ ವಿದ್ಯುತ್ತು. 1905ರಲ್ಲೇ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದಿತ್ತು. ವಿದ್ಯುತ್ತು ಬಂದ ಮೇಲೆ ಅದಕ್ಕೆ ಬೇಕಾದ ಸಾಮಾನುಗಳನ್ನೂ ಇಲ್ಲೇ ಏಕೆ ಮಾಡಬಾರದು ಎಂಬ ಪ್ರಶ್ನೆಗೆ ಮಿರ್ಜಾ ಅವರ ಕಾಲದಲ್ಲಿ ಉತ್ತರ ಸಿಕ್ಕಿತು. ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ ಬಟ್ಟಲಿಗಾಗಿ ಪಿಂಗಾಣಿ ಕಾರ್ಖಾನೆ, ಟ್ರಾನ್ಸ್‌ಫಾರ್ಮರ್‌ಗಾಗಿ ಸರ್ಕಾರಿ ವಿದ್ಯುತ್ ಕಾರ್ಖಾನೆ, ಬಲ್ಬಿಗಾಗಿ ಮೈಸೂರು ಲ್ಯಾಂಪ್ಸ್, ಇವೆಲ್ಲ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವು. ಒಂದು ಉದ್ಯಮ ಇನ್ನೊಂದಕ್ಕೆ ಗಿರಾಕಿಯಾಯಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಮೈಸೂರು ಸರ್ಕಾರ ಕೈಜೋಡಿಸಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಇಂದಿನ ಎಚ್.ಎ.ಎಲ್. ಅದೇ.

ಬೆಂಗಳೂರಿನ ಹೊರಗೂ ಅವರ ಕೆಲಸ ನಡೆಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ, 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್, ನಂತರ ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಜಾಯಿಂಟ್ ಸ್ಟಾಕ್ ಕಂಪನಿ ಎಂಬ ಪಾಠವಿದೆಯಲ್ಲ, ಇವುಗಳಲ್ಲಿ ಕೆಲವು ಆ ಮಾದರಿಯವು. ಸರ್ಕಾರ ಒಂದಷ್ಟು ಷೇರು ಕೊಳ್ಳುತ್ತಿತ್ತು, ಉಳಿದದ್ದನ್ನು ಜನ ಕೊಳ್ಳುತ್ತಿದ್ದರು. 1929ರಿಂದ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಬೆಲೆಗಳು ಬಿದ್ದಿದ್ದವು, ಜನ ಹಣ ಹೊರತೆಗೆಯಲು ಹೆದರುತ್ತಿದ್ದರು. ಅಂಥ ಹೊತ್ತಿನಲ್ಲಿ ಸರ್ಕಾರವೇ ಪಾಲುದಾರನಾಗಿ ನಿಂತಾಗ ಸಣ್ಣ ಹಣವಂತರಿಗೂ ಧೈರ್ಯ ಬರುತ್ತದೆ. ಲಾಭ ನಷ್ಟದ ಲೆಕ್ಕಕ್ಕಿಂತ ಮೊದಲು ವ್ಯಾಪಾರಕ್ಕೆ ಬೇಕಾದದ್ದು ನಂಬಿಕೆ ಎಂಬುದು ಕುದುರೆ ವ್ಯಾಪಾರಿಯ ಮೊಮ್ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಕಾರ್ಖಾನೆಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಎಲ್ಲಿ ಎಂದು ನೀವು ಕೇಳಬಹುದು. ಆಗ ನಮ್ಮದಕ್ಕೆ ಕಡೂರು ಜಿಲ್ಲೆ ಎಂದೇ ಹೆಸರು, ಚಿಕ್ಕಮಗಳೂರು ಅದರ ಕೇಂದ್ರ. ಭದ್ರಾವತಿಯ ಕಾಗದದ ಕಾರ್ಖಾನೆಗೆ ಬಿದಿರು ಮಲೆನಾಡಿನ ಕಾಡಿನದು, ನೀರು ಭದ್ರಾ ನದಿಯದು. ಆ ಭದ್ರೆ ಕುದುರೆಮುಖದ ಕಡೆಯಿಂದ ಇಳಿದು ಕಳಸ, ಬಾಳೆಹೊನ್ನೂರು ದಾಟಿಯೇ ಭದ್ರಾವತಿಗೆ ಹೋಗಬೇಕು. ಅದೇ ರೀತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿ, ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಅಣೆಕಟ್ಟಿನ ಕೆಳಗೆ ಮಿರ್ಜಾ ಅವರು ಮಾಡಿಸಿದ ತೋಟವೇ ಬೃಂದಾವನ. ಪ್ರವಾಸಕ್ಕೆ ಹೋಗಿ ಅಲ್ಲಿನ ಕಾರಂಜಿಯ ಮುಂದೆ ಫೋಟೊ ತೆಗೆಸಿಕೊಂಡ ನಮ್ಮ ಗೆಳೆಯರು ತಮ್ಮೂರಿನ ಮಳೆಯ ಮುಂದೆಯೇ ನಿಂತಿದ್ದರು! 1974ರಿಂದ ಬೆಂಗಳೂರಿಗೆ ಹೋಗುತ್ತಿರುವ ಕಾವೇರಿ ನೀರಿನಲ್ಲೂ ಮೂಡಿಗೆರೆಯ ಮಳೆಯ ಪಾಲಿದೆ.

ಕಾಫಿಯ ವಿಷಯಕ್ಕೆ ಬಂದರೆ, ಮಿರ್ಜಾ ದಿವಾನರಾಗುವ ಹಿಂದಿನ ವರ್ಷ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದರು. ಎಲೆ ತುಕ್ಕು ರೋಗದಿಂದ ತೋಟಗಳು ಸೊರಗುತ್ತಿದ್ದ ಕಾಲ ಅದು. ಮಿರ್ಜಾ ಅವರ ಆಡಳಿತದ ಉದ್ದಕ್ಕೂ ಆ ಕೇಂದ್ರದ ಕೆಲಸ ಸಾಗಿತು. ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಎಸ್. 795 ತಳಿ ಮುಂದೆ ಅಲ್ಲಿಂದಲೇ ಬಂತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಕಾಫಿ ಬೆಳೆಗಾರರನ್ನು ಉಳಿಸಲು ಕಾಫಿ ಮಂಡಳಿ ಹುಟ್ಟಿತು. ಅದರ ಮುಖ್ಯ ಕಚೇರಿ ಇರುವುದೂ ಬೆಂಗಳೂರಿನಲ್ಲೇ.

ಮಿರ್ಜಾ ಅವರ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕಾರ್ಖಾನೆಗಳಲ್ಲ, ಮರಗಳು. ಅವರು ಬೆಳಗಿನ ಹೊತ್ತು ಕುದುರೆ ಏರಿ ಊರು ಸುತ್ತುತ್ತಿದ್ದರು. ಚರಂಡಿ ಕಟ್ಟಿದೆಯೇ, ರಸ್ತೆ ಗುಡಿಸಿದ್ದಾರೆಯೇ, ದೀಪ ಸರಿ ಇದೆಯೇ ಎಂದು ತಾವೇ ನೋಡುತ್ತಿದ್ದರು. ಅಜ್ಜ ಕುದುರೆ ಮಾರಿದ ಊರಿನಲ್ಲಿ ಮೊಮ್ಮಗ ಕುದುರೆಯ ಮೇಲೆ ಕೂತು ಚರಂಡಿ ನೋಡಿದರು. ಜರ್ಮನಿಯಿಂದ ಬಂದು ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಎಂಬ ತೋಟಗಾರಿಕೆ ತಜ್ಞರು ಅವರಿಗೆ ಆಪ್ತರು. ಒಂದು ಜಾತಿಯ ಮರ ಹೂ ಉದುರಿಸುವಾಗ ಇನ್ನೊಂದು ಜಾತಿ ಅರಳಬೇಕು, ವರ್ಷದ ಎಲ್ಲ ಕಾಲದಲ್ಲೂ ಯಾವುದಾದರೊಂದು ರಸ್ತೆ ಹೂ ಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಕ್ರುಂಬಿಗಲ್ ಸಾಲುಮರ ಆರಿಸಿದರು. ಇಂಥ ಕೆಲಸಕ್ಕೆ ಮಿರ್ಜಾ ಅವರ ಬೆಂಬಲ ಸದಾ ಇತ್ತು. ಬೆಂಗಳೂರಿಗೆ ಉದ್ಯಾನ ನಗರಿ ಎಂಬ ಹೆಸರು ನಿಂತದ್ದು ಇಂಥವರ ಶ್ರಮದಿಂದ. 1935ರಲ್ಲಿ ಪೂರ್ಣಗೊಂಡ ಪುರಭವನವೂ ಅವರ ಕಾಲದ್ದೇ. ಮಳೆ ಬಂದರೂ ಬಿಸಿಲಿದ್ದರೂ ಊರಿನ ಜನ ಒಂದು ಸೂರಿನಡಿ ಸೇರಲು ಆದ ಜಾಗ ಅದು.

ನಾವು ಕಾಫಿ ನಾಡಿನವರು. ನೆರಳಿನ ಬೆಲೆ ನಮಗೆ ಬೇರೆಯವರು ಹೇಳಬೇಕಿಲ್ಲ. ಅರೇಬಿಕಾ ಗಿಡದ ಮೇಲೆ ಹಾಲುವಾಣದ ನೆರಳು, ಅದರ ಮೇಲೆ ಅತ್ತಿ, ಹಲಸು, ನಂದಿಯಂಥ ದೊಡ್ಡ ಮರಗಳ ನೆರಳು. ನೆರಳು ಹೆಚ್ಚಾದರೆ ಮರಗಸಿ ಮಾಡುತ್ತೇವೆ, ಆದರೆ ಪೂರ್ತಿ ಬೋಳು ಮಾಡಿದ ತೋಟದಲ್ಲಿ ಬೇಸಿಗೆಗೆ ಗಿಡ ಬಾಡುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಮರ ಕಾಫಿ ಬಿಡುವುದಿಲ್ಲ, ಆದರೆ ಮರವಿಲ್ಲದೆ ಕಾಫಿಯಿಲ್ಲ. ಮಿರ್ಜಾ ಇಸ್ಮಾಯಿಲ್ ಅವರು ನಗರಕ್ಕೆ ಮಾಡಿದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ನೀರು, ದೀಪ, ಚರಂಡಿ, ಸಾಲುಮರ, ಇವು ಯಾವ ಅಂಗಡಿಯ ಲಾಭದಲ್ಲೂ ಕಾಣುವುದಿಲ್ಲ. ಯಾವ ಒಬ್ಬ ವ್ಯಾಪಾರಿಯೂ ಇವನ್ನು ತಾನೊಬ್ಬನೇ ಮಾಡಿಕೊಳ್ಳಲಾರ. ಇವು ಇಲ್ಲದೆ ಯಾವ ಅಂಗಡಿಯೂ ನಡೆಯುವುದಿಲ್ಲ.

ಅಣ್ಣನ ಲೆಕ್ಕದ ಪುಸ್ತಕ ನೋಡಿದಾಗ ಈ ಮಾತು ನನಗೆ ಇನ್ನಷ್ಟು ಸ್ಪಷ್ಟವಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿದವು. ಅಣ್ಣನ ಕಟ್ಟಡದ್ದೂ ಬತ್ತಿತು. ಆ ತಿಂಗಳುಗಳಲ್ಲಿ ಅವನ ಪುಸ್ತಕದಲ್ಲಿ ಟ್ಯಾಂಕರ್ ನೀರಿನ ಸಾಲು ವಾರವಾರಕ್ಕೂ ಉದ್ದವಾಗುತ್ತಾ ಹೋಗಿದೆ. ಬಾಡಿಗೆ, ಕರೆಂಟು, ಹುರಿಯುವ ಯಂತ್ರದ ರಿಪೇರಿ ಎಲ್ಲವನ್ನೂ ಅವನು ಮೊದಲೇ ಅಂದಾಜು ಮಾಡಿದ್ದ. ನೀರನ್ನು ಖರ್ಚಿನ ಪಟ್ಟಿಯಲ್ಲಿ ಯಾರು ತಾನೇ ಬರೆಯುತ್ತಾರೆ? ಅಂಗಡಿಯ ಮುಂದಿದ್ದ ಒಂದೇ ಮರವನ್ನು ಕಡಿದ ಮೇಲೆ ಮಧ್ಯಾಹ್ನ ಗಿರಾಕಿಗಳು ಬರುವುದು ಕಡಿಮೆಯಾಯಿತು ಎಂದೂ ಅವನು ಹೇಳುತ್ತಾನೆ. ಆ ಊರಿನಲ್ಲಿ ನೀರು ಮತ್ತು ನೆರಳು ವ್ಯಾಪಾರದ ಬಂಡವಾಳವೇ ಎಂಬುದನ್ನು 1933ರಲ್ಲೇ ಒಬ್ಬರು ತಿಳಿದಿದ್ದರು.

ಮಿರ್ಜಾ ಅವರನ್ನು ಎಲ್ಲರೂ ಹೊಗಳಿದರು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವರು ಸಮರ್ಥ ಆಡಳಿತಗಾರರು, ಆದರೆ ಜನರಿಂದ ಆಯ್ಕೆಯಾದವರಲ್ಲ. ದೇಶದಲ್ಲಿ ಸ್ವಾತಂತ್ರ್ಯ ಹೋರಾಟ ಜೋರಾಗಿತ್ತು. ಮೈಸೂರಿನ ಜನ ಜವಾಬ್ದಾರಿ ಸರ್ಕಾರ ಬೇಕೆಂದು ಕೇಳುತ್ತಿದ್ದರು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅನೇಕರು ಸತ್ತರು. ಆಗ ದಿವಾನರಾಗಿದ್ದವರು ಮಿರ್ಜಾ ಅವರೇ. ಈ ಘಟನೆಯ ನಂತರ ಸರ್ದಾರ್ ವಲ್ಲಭಭಾಯ್ ಪಟೇಲರು ಬಂದು ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಂದವಾಯಿತು. ಆದರೂ ಜನ ಕೇಳಿದ ಸರ್ಕಾರ ಬಂದದ್ದು 1947ರಲ್ಲಿ, ಅವರು ಮೈಸೂರು ಬಿಟ್ಟ ಎಷ್ಟೋ ವರ್ಷದ ಮೇಲೆ. ಒಳ್ಳೆಯ ನೀರು, ಒಳ್ಳೆಯ ರಸ್ತೆ ಕೊಟ್ಟರೂ ಜನರ ಮಾತಿಗೆ ಜಾಗ ಕೊಡದಿದ್ದರೆ ಕೆಲಸ ಅರ್ಧವೇ ಆದಂತೆ. ಅವರ ಬದುಕನ್ನು ಓದುವಾಗ ಈ ಪುಟವನ್ನು ಹಾರಿಸಿ ಹೋಗಬಾರದು.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಬಾಲ್ಯದ ಗೆಳೆಯನೂ ಒಡೆಯನೂ ಆಗಿದ್ದವರು ಹೋದ ಮೇಲೆ ಮಿರ್ಜಾ ಹೆಚ್ಚು ದಿನ ಆ ಹುದ್ದೆಯಲ್ಲಿ ಉಳಿಯಲಿಲ್ಲ. 1941ರಲ್ಲಿ ರಾಜೀನಾಮೆ ಕೊಟ್ಟರು. ಸುಮಾರು 15 ವರ್ಷ ದಿವಾನರಾಗಿದ್ದವರು ಮನೆಯಲ್ಲಿ ಕೂರಲಿಲ್ಲ. 1942ರಲ್ಲಿ ಜೈಪುರ ಸಂಸ್ಥಾನ ಅವರನ್ನು ಕರೆಸಿಕೊಂಡಿತು. ಮರಳುಗಾಡಿನ ಅಂಚಿನ ಆ ಊರಿನಲ್ಲೂ ಅವರು ರಸ್ತೆ, ನೀರು, ಬಡಾವಣೆಗಳ ಕೆಲಸವನ್ನೇ ಹಿಡಿದರು. ಜೈಪುರದ ದೊಡ್ಡ ವ್ಯಾಪಾರದ ಬೀದಿಗೆ ಇಂದಿಗೂ ಎಂ.ಐ. ರಸ್ತೆ ಎಂದು ಹೆಸರು, ಎಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆ. ಅಜ್ಜನ ಹೆಸರಿನ ರಸ್ತೆ ಬೆಂಗಳೂರಿನಲ್ಲಿ, ಮೊಮ್ಮಗನ ಹೆಸರಿನ ರಸ್ತೆ ಜೈಪುರದಲ್ಲಿ. ಇಬ್ಬರಿಗೂ ಆ ಗೌರವ ಕೊಟ್ಟದ್ದು ಅವರು ಹೊರಗಿನವರಾಗಿ ಹೋದ ಊರುಗಳು.

1946ರಲ್ಲಿ ಅವರು ಹೈದರಾಬಾದ್ ನಿಜಾಮರ ಸರ್ಕಾರದ ಮುಖ್ಯಸ್ಥರಾದರು. ಭಾರತದೊಂದಿಗೆ ಹೊಂದಿಕೊಂಡು ಹೋಗುವುದೇ ಸರಿ ಎಂಬುದು ಅವರ ನಿಲುವು. ಅಲ್ಲಿನ ಉಗ್ರರಿಗೆ ಅದು ಹಿಡಿಸಲಿಲ್ಲ. ಒಂದು ವರ್ಷವೂ ತುಂಬುವ ಮೊದಲೇ, 1947ರಲ್ಲಿ, ಅವರು ಆ ಹುದ್ದೆ ಬಿಟ್ಟು ಬಂದರು. ನಂತರ ತಮ್ಮ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ, ತಾವು ಹುಟ್ಟಿದ ಊರಿನಲ್ಲೇ, ಕಣ್ಣು ಮುಚ್ಚಿದರು.

ಅವರು ಕಟ್ಟಿಸಿದ್ದೆಲ್ಲ ಉಳಿದಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹಲವು ವರ್ಷಗಳಿಂದ ಉತ್ಪಾದನೆ ನಿಂತಿದೆ. ಅರ್ಕಾವತಿಯ ಕೆರೆಗಳೂ ತೊರೆಗಳೂ ಬತ್ತಿ, ತಿಪ್ಪಗೊಂಡನಹಳ್ಳಿ ಊರಿಗೆ ಸಾಲದಾಯಿತು. 3 ಲಕ್ಷ ಜನರ ನಗರ 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ದಾಟಿತ್ತು. ಒಬ್ಬ ದಿವಾನರು ಬೆಳಿಗ್ಗೆ ಕುದುರೆಯ ಮೇಲೆ ಸುತ್ತಿ ಮುಗಿಸಬಹುದಾದ ಊರು ಅದಲ್ಲ. ಈಗ ಆ ಕೆಲಸ ಅಲ್ಲಿ ಬದುಕುವವರೆಲ್ಲರದು. ನಮ್ಮಂತೆ ಹೊರಗಿನಿಂದ ಹೋಗುವವರದ್ದೂ ಹೌದು.

ಬೆಂಗಳೂರಿಗೆ ಹೋಗಲಿರುವ ಗೆಳೆಯ ಗೆಳತಿಯರಿಗೆ ನನ್ನದೊಂದು ಮಾತು. ಮನೆಯನ್ನಾಗಲಿ, ಪಿ.ಜಿ.ಯನ್ನಾಗಲಿ, ಅಂಗಡಿ ಮಳಿಗೆಯನ್ನಾಗಲಿ ನೋಡುವಾಗ ಬಾಡಿಗೆ ಮತ್ತು ಅಡ್ವಾನ್ಸ್ ಮಾತ್ರ ಕೇಳಬೇಡಿ. ನೀರು ಎಲ್ಲಿಂದ ಬರುತ್ತದೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ಬೀದಿಯಲ್ಲಿ ಮರ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದು ಸಸಿ ನೆಡಿ, ಚಾವಣಿಯ ಮಳೆನೀರನ್ನು ಇಂಗುಗುಂಡಿಗೆ ಬಿಡಿ. ಊರಿನಲ್ಲೇ ಉಳಿಯುವವರಿಗೂ ಕೆಲಸವಿದೆ. ಹೇಮಾವತಿ ಮತ್ತು ಭದ್ರೆಯ ದಡದಲ್ಲಿ ನಾವು ಪಲ್ಪಿಂಗ್ ಮಾಡಿದ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಅದು ಯಾರದೋ ಮನೆಯ ಕೊಡಕ್ಕೆ ಹೋಗುತ್ತದೆ.

ನಮ್ಮ ಮನೆಯ ತೀರ್ಮಾನ ಏನಾದರೂ ಆಗಲಿ, ನಾನು ಒಂದನ್ನು ನಿಶ್ಚಯಿಸಿದ್ದೇನೆ. ಅಣ್ಣನ ಅಂಗಡಿಗೆ ಹೋದರೆ ಮೊದಲ ಮುಂಗಾರಿನಲ್ಲೇ ಆ ಕಡಿದ ಮರದ ಜಾಗದಲ್ಲಿ ಒಂದು ಗಿಡ ನೆಡುತ್ತೇನೆ. ಯಾವ ಗಿಡ ಎಂದು ಅಬ್ಬನನ್ನು ಕೇಳಿದೆ. ಹೊಂಗೆ ನೆಡು, ಬಿಸಿಲು ತಡೆಯುತ್ತದೆ, ಬೇಗ ನೆರಳು ಕೊಡುತ್ತದೆ ಎಂದರು. ನೀನು ಹೋಗಲೇಬೇಡ ಎಂದು ಮಾತ್ರ ಹೇಳಲಿಲ್ಲ.